ಕಾಯಲು ಬಿಡದ ವ್ಯಾಪಾರ: ಆಪ್ಷನ್ ಆಡುವ ಕನ್ನಡದ ತರುಣ ತರುಣಿಯರಿಗೆ ಒಂದು ಬಹಿರಂಗ ಪತ್ರ

ಪ್ರಿಯ ತರುಣ ತರುಣಿಯರೇ,

ಬೆಳಿಗ್ಗೆ 9.15ಕ್ಕೆ ಪೇಟೆ ತೆರೆಯುವ ಹೊತ್ತಿಗೆ ಫೋನ್ ಹಿಡಿದು ಕೂರುವ, ಮಂಗಳವಾರ ನಿಫ್ಟಿ, ಗುರುವಾರ ಸೆನ್ಸೆಕ್ಸ್ ಎಂದು ಎಕ್ಸ್‌ಪೈರಿಯ ಮೇಲೆ, ಅಂದರೆ ವಾಯಿದೆ ಮುಗಿಯುವ ದಿನದ ಮೇಲೆ, ವಾರವನ್ನು ಎಣಿಸುವ ನಿಮಗಾಗಿ ಈ ಪತ್ರ. ನೀವು ಬೆಂಗಳೂರಿನ ಪಿಜಿಯಲ್ಲಿರಬಹುದು, ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಅಪ್ಪನ ಅಂಗಡಿಯಲ್ಲಿರಬಹುದು, ಕೊಲ್ಲಿಯ ದೇಶದಿಂದ ಊರಿಗೆ ಹಣ ಕಳಿಸುತ್ತಿರಬಹುದು. ಷೇರು ಪೇಟೆಯನ್ನೇ ಬಿಟ್ಟುಬಿಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಒಳ್ಳೆಯ ಕಂಪನಿಯ ಪಾಲನ್ನು ಸ್ವಂತ ದುಡ್ಡು ಪೂರ್ತಿ ಕೊಟ್ಟು ಕೊಂಡು, ವರ್ಷಗಟ್ಟಲೆ ಇಟ್ಟುಕೊಳ್ಳುವುದು ಗೌರವದ ಉಳಿತಾಯ. ಹಿಂದಿನವರು ಅದನ್ನು ಇನ್ನಷ್ಟು ಮಾಡಿದ್ದರೆ ಚೆನ್ನಾಗಿತ್ತು. ನನ್ನ ಮಾತು ಇರುವುದು ವಾಯಿದೆಯ ಬಗ್ಗೆ: ಫ್ಯೂಚರ್ಸ್, ಆಪ್ಷನ್ಸ್, ಇಂತಿಷ್ಟು ದಿನದೊಳಗೆ ಬೆಲೆ ಇಂತಿಷ್ಟಾಗುತ್ತದೆ ಎಂದು ಕಟ್ಟುವ ಹಣದ ಬಗ್ಗೆ. ನಮ್ಮ ದೇಶದ ಷೇರು ಪೇಟೆ ಕಂಡ ಮೊದಲ ಮಹಾಕುಸಿತದಿಂದ ಹಿಡಿದು ಈವರೆಗೆ, ಬೆಲೆ ಇಳಿದಾಗ ಹೆಚ್ಚಾಗಿ ನಾಶವಾದವರು ಕಾಯುವ ಶಕ್ತಿಯನ್ನು ಮೊದಲೇ ಕಳೆದುಕೊಂಡಿದ್ದವರು. ನೀವು ದಿನವೂ ಆ ಜಾಗದಲ್ಲೇ ಹೋಗಿ ನಿಲ್ಲುತ್ತಿದ್ದೀರಿ ಎಂಬುದು ನನ್ನ ಆತಂಕ. ಅದಕ್ಕೆ ಆಧಾರವೇನು ಎಂದು ಹೇಳುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಆ ಮೊದಲ ಕುಸಿತ 1865ರ ಮುಂಬಯಿಯದು. ಅದರ ಬೀಜ ಇದ್ದದ್ದು ಅಮೆರಿಕದಲ್ಲಿ. 1861ರ ಏಪ್ರಿಲ್‌ನಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳು ನೆಚ್ಚಿಕೊಂಡಿದ್ದು ಆ ಬಂದರುಗಳಿಂದ ಬರುತ್ತಿದ್ದ ಹತ್ತಿಯನ್ನೇ. ಅದು ನಿಂತಾಗ ಲಿವರ್‌ಪೂಲಿನ ದಲಾಲರ ಕಣ್ಣು ಮುಂಬಯಿಯ ಮೇಲೆ ಬಿತ್ತು. ಮುಂಬಯಿಯ ಕಣ್ಣು ಗುಜರಾತ, ಖಾನದೇಶ, ವರ್ಹಾಡಗಳ ಮೇಲೆ, ಮತ್ತು ನಮ್ಮ ಧಾರವಾಡದ ಎರೆಭೂಮಿಯ ಮೇಲೆ. ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲೇ ಕಂಪನಿ ಸರಕಾರ ಅಮೆರಿಕದ ತಳಿಯ ಹತ್ತಿಯನ್ನು ಬೆಳೆಸಲು ಹಚ್ಚಿತ್ತು, ಅದರ ಬೀಜ ಬಿಡಿಸಲು ಗರಗಸದ ಜಿನ್ನುಗಳನ್ನು ಮಾಡಿಸಿತ್ತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನ ಅರಳೆ ವಿಲಾಯಿತಿಯ ವ್ಯಾಪಾರಿಗಳಿಗೆ ಪರಿಚಿತವಾಗಿತ್ತು. ಈ ಹತ್ತಿಯನ್ನು ಹತ್ತಿರದ ಹಾದಿಯಲ್ಲಿ ಹಡಗಿಗೆ ಮುಟ್ಟಿಸಬೇಕೆಂಬ ಒತ್ತಾಯ ಎಷ್ಟಿತ್ತೆಂದರೆ, ಕಾರವಾರ ಬಂದರನ್ನು ಬೆಳೆಸುವ ಸಲುವಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂದು ನಾವು ಇಂದು ಹೇಳುವ ಗಡಿಯ ಹಿಂದೆ ಆ ಕಾಲದ ಹತ್ತಿಯ ಹಸಿವಿದೆ.

ಕೆಲವೇ ವರ್ಷಗಳಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು, ಮುಂಬಯಿಗೆ ಬೆಳ್ಳಿ ಹರಿದುಬಂತು. ನಿಜವಾದ ಸರಕಿಗೆ ಬಂದ ನಿಜವಾದ ಹಣ ಅದು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ದೊಡ್ಡ ಹುಚ್ಚುಗಳು ಶುದ್ಧ ಸುಳ್ಳಿನಿಂದ ಶುರುವಾಗುವುದು ಅಪರೂಪ. ಆ ಹಣಕ್ಕೆ ತಂಗಲು ಜಾಗ ಬೇಕಿತ್ತು, ಜಾಗ ಒದಗಿಸಲು ಕಂಪನಿಗಳು ಹುಟ್ಟಿದವು. 1865ರ ಜನವರಿಯ ಹೊತ್ತಿಗೆ ಆ ಒಂದು ಊರಿನಲ್ಲಿ 31 ಬ್ಯಾಂಕುಗಳು, 16 ಫೈನಾನ್ಷಿಯಲ್ ಅಸೋಸಿಯೇಷನ್‌ಗಳು, 8 ಭೂ ಕಂಪನಿಗಳು, 20 ವಿಮಾ ಕಂಪನಿಗಳು ಇದ್ದವು. ಫೈನಾನ್ಷಿಯಲ್ ಅಸೋಸಿಯೇಷನ್ ಎಂಬುದರ ಮುಖ್ಯ ಕೆಲಸ ಬೇರೆ ಕಂಪನಿಗಳ ಪಾಲು ಕೊಳ್ಳಲು ಸಾಲ ಕೊಡುವುದು. ಸಮುದ್ರವನ್ನು ತುಂಬಿ ನೆಲ ಮಾಡುತ್ತೇವೆಂದು ಹೊರಟ ಬ್ಯಾಕ್‌ಬೇ ರೆಕ್ಲಮೇಷನ್ ಕಂಪನಿಯ 5,000 ರೂಪಾಯಿಯ ಪಾಲು ಸುಮಾರು 50,000ಕ್ಕೆ ಏರಿತು. ಸರಕಾರದ್ದೇ ಪಾಲು ಬಂಡವಾಳವಿದ್ದ ಬ್ಯಾಂಕ್ ಆಫ್ ಬಾಂಬೆಯ 500 ರೂಪಾಯಿಯ ಪಾಲು 2,850 ಮುಟ್ಟಿತು. ಪೇಟೆಯ ದೊರೆ ಪ್ರೇಮಚಂದ್ ರಾಯಚಂದ್. ಯಾವ ಕಂಪನಿಯ ಪಾಲು ಯಾರಿಗೆ ಸಿಗಬೇಕೆಂಬುದು ಬಹುಮಟ್ಟಿಗೆ ಅವರ ಮಾತಿನ ಮೇಲೆ ನಿಂತಿತ್ತು.

ಇಷ್ಟೇ ಆಗಿದ್ದರೆ ಇದು ದುಬಾರಿ ಬೆಲೆ ಕೊಟ್ಟವರ ಕಥೆಯಾಗಿ ಮುಗಿಯುತ್ತಿತ್ತು. ಅದನ್ನು ದುರಂತ ಮಾಡಿದ್ದು ‘ಟೈಮ್ ಬಾರ್ಗೇನ್’ ಎಂಬ ಏರ್ಪಾಟು. ಇಂದು ಬೆಲೆ ಗೊತ್ತುಮಾಡಿಕೊಳ್ಳುವುದು, ತಿಂಗಳುಗಳ ನಂತರದ ಒಂದು ದಿನ ಹಣ ಕೊಟ್ಟು ಪಾಲು ತೆಗೆದುಕೊಳ್ಳುವುದು. ಕೈಯಲ್ಲಿ ಸಾವಿರವಿದ್ದವನು ಲಕ್ಷಕ್ಕೆ ಮಾತು ಕೊಡಬಹುದಾಗಿತ್ತು. ಬೆಲೆ ಏರುತ್ತಿರುವವರೆಗೆ ವಾಯಿದೆ ಬರುವ ಮೊದಲೇ ಅದನ್ನು ಇನ್ನೊಬ್ಬನಿಗೆ ದಾಟಿಸಿ ಲಾಭ ಎಣಿಸಬಹುದು. ಪಾಲನ್ನು ಕಣ್ಣಿನಿಂದಲೂ ನೋಡಬೇಕಿಲ್ಲ. ಹೀಗೆ ಕೊಟ್ಟ ಮಾತುಗಳಲ್ಲಿ ಹೆಚ್ಚಿನವು ತೀರಬೇಕಾದ ದಿನ 1865ರ ಜುಲೈ 1. ಅದಕ್ಕೆ ಮುಂಚೆ, ಏಪ್ರಿಲ್ 9ರಂದು, ಅಮೆರಿಕದ ವರ್ಜೀನಿಯಾದಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಶರಣಾಗಿದ್ದರು. ಯುದ್ಧ ಮುಗಿಯಿತು ಎಂಬ ಸುದ್ದಿ ಬಂದೊಡನೆ ಹತ್ತಿ ಇಳಿಯಿತು, ಹತ್ತಿಯ ಹಿಂದೆ ಪಾಲುಗಳು ಇಳಿದವು. ಜುಲೈ 1 ಬಂದಾಗ ಕೊಡಬೇಕಾದವನ ಕೈಯಲ್ಲಿ ಹಣವಿರಲಿಲ್ಲ. ಅವನಿಂದ ಬರಬೇಕಾದ ಹಣವನ್ನೇ ನಂಬಿ ಇನ್ನೊಬ್ಬ ಮಾತು ಕೊಟ್ಟಿದ್ದ. ಅವನನ್ನು ನಂಬಿ ಮತ್ತೊಬ್ಬ. ದಿವಾಳಿಗಳ ಸಂಖ್ಯೆ ಎಷ್ಟಾಯಿತೆಂದರೆ ಅವುಗಳ ವಿಲೇವಾರಿಗೆಂದೇ ಆ ವರ್ಷ ಒಂದು ಪ್ರತ್ಯೇಕ ಕಾಯಿದೆ, 1865ರ 28ನೇ ಕಾಯಿದೆ, ತರಬೇಕಾಯಿತು. ಬ್ಯಾಂಕ್ ಆಫ್ ಬಾಂಬೆಯ ಪಾಲು 87 ರೂಪಾಯಿಗೆ ಬಿತ್ತು. ಪಾಲುಗಳನ್ನೇ ಅಡವಿಟ್ಟುಕೊಂಡು ಸಾಲ ಕೊಟ್ಟಿದ್ದ ಆ ಬ್ಯಾಂಕು ಉಳಿಯಲಿಲ್ಲ. 1868ರಲ್ಲಿ ಅದೇ ಹೆಸರಿನ ಹೊಸ ಬ್ಯಾಂಕನ್ನು ಕಟ್ಟಬೇಕಾಯಿತು.

ಯಾರು ಬಿದ್ದರು ಎಂಬುದನ್ನೂ ನೋಡಿ. ಪ್ರೇಮಚಂದ್ ರಾಯಚಂದರೇ ಬಿದ್ದರು. ಆ ಕಾಲದಲ್ಲಿ ಅವರಿಗಿಂತ ಹೆಚ್ಚು ಪೇಟೆ ಬಲ್ಲವರು ಯಾರೂ ಇರಲಿಲ್ಲ. ತಾಯಿಯ ಹೆಸರಿನಲ್ಲಿ ಅವರು ಕೊಟ್ಟ ದಾನದಿಂದ ನಿಂತ ರಾಜಾಬಾಯಿ ಗೋಪುರ ಮುಂಬಯಿ ವಿಶ್ವವಿದ್ಯಾಲಯದ ಅಂಗಳದಲ್ಲಿ ಇಂದಿಗೂ ಇದೆ; ಅವರ ಸಾಮ್ರಾಜ್ಯ ಮಾತ್ರ ಮೊದಲಿನಂತೆ ಮತ್ತೆ ಏಳಲಿಲ್ಲ. ಮುಂದೆ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಕಾರಣರಾದ ಜಮ್ಷೆಟ್‌ಜಿ ಟಾಟಾ ಆಗ ಇಪ್ಪತ್ತರ ಹರೆಯದವರು, ತಂದೆಯ ವ್ಯವಹಾರದ ಸಲುವಾಗಿ ಲಂಡನ್ನಿನಲ್ಲಿದ್ದರು; ಆ ಮನೆತನವೂ ಈ ಕುಸಿತದಲ್ಲಿ ದೊಡ್ಡ ಪೆಟ್ಟು ತಿಂದಿತು. ಇವರೆಲ್ಲ ಮೇಲಿನವರು. ಕೆಳಗೆ, ಹತ್ತಿಯ ಬೆಲೆಯನ್ನು ನಂಬಿ ಸಾಹುಕಾರರಿಂದ ಸುಲಭವಾಗಿ ಸಾಲ ಪಡೆದಿದ್ದ ದಖ್ಖನ್ನಿನ ರೈತರ ಮೇಲೆ ಬೆಲೆ ಇಳಿದ ಮೇಲೆ ಆ ಸಾಲ ಉಳಿಯಿತು. ಹತ್ತು ವರ್ಷಗಳ ನಂತರ, 1875ರಲ್ಲಿ, ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಏರಿಸಿದ ಕಂದಾಯವೂ ಅದಕ್ಕೆ ಕಾರಣವಾಗಿತ್ತು, ಎಲ್ಲವನ್ನೂ ಹತ್ತಿಯ ತಲೆಗೆ ಕಟ್ಟುವಂತಿಲ್ಲ. ಆದರೆ ಒಳ್ಳೆಯ ಕಾಲದಲ್ಲಿ ಮಾಡಿದ ಸಾಲ ಕೆಟ್ಟ ಕಾಲದಲ್ಲಿ ತೀರಿಸಬೇಕಾಗಿ ಬಂದದ್ದು ನಿಜ.

ಶತಮಾನಕ್ಕೂ ಹೆಚ್ಚು ಕಾಲದ ನಂತರದ ಎರಡು ಕುಸಿತಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅವುಗಳ ಕಥೆ ನೀವು ಕೇಳಿರುತ್ತೀರಿ. 1992ರ ಏಪ್ರಿಲ್ 22ರಂದು ಸೆನ್ಸೆಕ್ಸ್ 4,467 ಮುಟ್ಟಿತು. ಮರುದಿನದಿಂದ ಷೇರು ದಲಾಲ ಹರ್ಷದ್ ಮೆಹ್ತಾ ಹಗರಣ ಬಯಲಾಗತೊಡಗಿತು. 2001ರ ಮಾರ್ಚ್‌ನಲ್ಲಿ ಇನ್ನೊಬ್ಬ ದಲಾಲ ಕೇತನ್ ಪಾರೇಖ್ ಸರದಿ, ಜೊತೆಗೆ ಗುಜರಾತಿನ ಮಾಧವಪುರ ಸಹಕಾರಿ ಬ್ಯಾಂಕಿನದು. ಎರಡರಲ್ಲೂ ಬ್ಯಾಂಕಿನ ಹಣದ ದುರುಪಯೋಗ ಎದ್ದು ಕಾಣುತ್ತದೆ, ಅದರ ಪಕ್ಕದಲ್ಲೇ ‘ಬದ್ಲಾ’ ಎಂಬ ಪದ್ಧತಿಯೂ ಇದೆ: ಕೊಂಡ ಪಾಲಿನ ಹಣವನ್ನು ಈಗ ಕೊಡದೆ, ಬಡ್ಡಿ ಕಟ್ಟಿ ಮುಂದಿನ ಅವಧಿಗೆ ತಳ್ಳುವುದು. ವೇಷ ಬೇರೆ, ಮೂಲ 1865ರದ್ದೇ. 2001ರ ಜುಲೈನಲ್ಲಿ ಬದ್ಲಾವನ್ನು ನಿಷೇಧಿಸಿದರು. ಅದೇ ವರ್ಷದ ಜೂನ್‌ನಿಂದ ಸೂಚ್ಯಂಕದ ಆಪ್ಷನ್, ಜುಲೈನಿಂದ ಷೇರುಗಳ ಆಪ್ಷನ್ ವಹಿವಾಟು ನಮ್ಮಲ್ಲಿ ಶುರುವಾಯಿತು. ನೀವು ಇಂದು ಕೂತಿರುವ ಅಂಗಡಿ ತೆರೆದದ್ದು ಹಾಗೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಷೇರು ಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ವಾಯಿದೆ ಪೇಟೆಯಲ್ಲಿ ವ್ಯಾಪಾರ ಮಾಡಿದ 1 ಕೋಟಿಗೂ ಹೆಚ್ಚು ಬಿಡಿ ವ್ಯಕ್ತಿಗಳ ಲೆಕ್ಕ ತೆಗೆದಿದೆ. ಅವರಲ್ಲಿ ಶೇಕಡ 93 ಜನ ಕಳೆದುಕೊಂಡರು. ಖರ್ಚೂ ಸೇರಿ ತಲಾ ಸುಮಾರು 2 ಲಕ್ಷ ರೂಪಾಯಿ. ಎಲ್ಲ ಸೇರಿ 1.8 ಲಕ್ಷ ಕೋಟಿಗೂ ಮೇಲೆ. ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು 100ಕ್ಕೆ ಒಬ್ಬರು. ಮೂವತ್ತರೊಳಗಿನವರ ಪ್ರಮಾಣ ಒಂದೇ ವರ್ಷದಲ್ಲಿ ಶೇಕಡ 31ರಿಂದ 43ಕ್ಕೆ ಏರಿತು. ಮುಕ್ಕಾಲು ಪಾಲಿಗೂ ಹೆಚ್ಚು ಜನ ತಮ್ಮ ವರಮಾನ ವರ್ಷಕ್ಕೆ 5 ಲಕ್ಷದ ಒಳಗೆ ಎಂದು ತೋರಿಸಿದವರು. ಮುಂದಿನ ವರ್ಷ, ಅಂದರೆ 2024-25ರಲ್ಲಿ, ನಿಯಮಗಳು ಬಿಗಿಯಾದ ಮೇಲೂ ಶೇಕಡ 91 ಜನ ಕಳೆದುಕೊಂಡರು. ಹಾಗಾದರೆ ಗೆದ್ದವರು ಯಾರು? 2023-24ರಲ್ಲಿ ಖರ್ಚು ಕಳೆಯುವ ಮುನ್ನ, ಸ್ವಂತ ಬಂಡವಾಳದಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಲಾಭ ಮಾಡಿದರು. ಆ ಲಾಭದ ಶೇಕಡ 95ಕ್ಕೂ ಹೆಚ್ಚು ಬಂದದ್ದು ಕಂಪ್ಯೂಟರ್ ಅಲ್ಗಾರಿದಮ್ಮುಗಳಿಂದ. ನೀವು ಬೆರಳಿನಿಂದ ಒತ್ತುವ ಗುಂಡಿಯ ಆಚೆ ಕೂತಿರುವವರು ಇವರು.

ನಿಮ್ಮ ಮೊದಲ ಆಕ್ಷೇಪ ನನಗೆ ಕೇಳಿಸುತ್ತಿದೆ: 1865ರಲ್ಲಿ ಕಾನೂನಿರಲಿಲ್ಲ, ಕ್ಲಿಯರಿಂಗ್ ಸಂಸ್ಥೆ ಇರಲಿಲ್ಲ, ಇಂದು ಮಾರ್ಜಿನ್ ಎಂಬ ಮುಂಗಡ ಠೇವಣಿ ಇದೆ, ಸೆಬಿ ಇದೆ. ಸರಿ. ಅಂದಿನ ಜುಲೈ 1ರಂಥ ದಿನ ಇಂದು ಬರುವುದು ಬಹಳ ಕಷ್ಟ, ಅದು ದೊಡ್ಡ ಸಾಧನೆಯೇ. ಆದರೆ ಮಾರ್ಜಿನ್ ಎಂಬುದು ಯಾರ ರಕ್ಷಣೆಗೆ ಎಂದು ಯೋಚಿಸಿ. ನೀವು ಸೋತರೆ ಗೆದ್ದವನಿಗೆ ಹಣ ತಪ್ಪಬಾರದು ಎಂಬುದಕ್ಕೆ ಅದು. ನಿಮ್ಮ ಖಾತೆಯಲ್ಲಿ ಹಣ ಸಾಲದಾದಾಗ ವ್ಯವಸ್ಥೆ ನಿಮ್ಮ ವಹಿವಾಟನ್ನು ತಾನೇ ಮುಚ್ಚುತ್ತದೆ; ಬೆಲೆ ಸಂಜೆಗೆ ಮತ್ತೆ ಏರಿದರೂ ಅದು ನಿಮ್ಮದಲ್ಲ. ಆಪ್ಷನ್ ಕೊಂಡವರಿಗೆ ಪ್ರೀಮಿಯಂಗಿಂತ ಹೆಚ್ಚು ನಷ್ಟವಿಲ್ಲವಲ್ಲ ಎನ್ನುತ್ತೀರಿ. ಒಂದು ವಹಿವಾಟಿನಲ್ಲಿ ಅದು ನಿಜ. ಆದರೆ ಆ ಪ್ರೀಮಿಯಂ ಎಂದರೆ ಬಹುಮಟ್ಟಿಗೆ ಕಾಲಕ್ಕೆ ಕೊಟ್ಟ ಬೆಲೆ. ನೀವು ನಿದ್ದೆ ಮಾಡುವಾಗಲೂ ಅದು ಸವೆಯುತ್ತದೆ. ನಿಮ್ಮ ಅಂದಾಜು ಸರಿಯಾಗಿದ್ದರೂ ಎಕ್ಸ್‌ಪೈರಿಯ ಮರುದಿನ ಸರಿಯಾದರೆ ಪ್ರಯೋಜನವಿಲ್ಲ. ಎಕ್ಸ್‌ಪೈರಿಯ ಮಧ್ಯಾಹ್ನ ಹತ್ತು ರೂಪಾಯಿಯ ಆಪ್ಷನ್ ಕೊಂಡು ‘ಜೀರೋ ಟು ಹೀರೋ’ ಎನ್ನುವಾಗ ನೀವು ಕೊಳ್ಳುತ್ತಿರುವುದು ಎರಡು ಮೂರು ಗಂಟೆಗಳನ್ನು ಮಾತ್ರ. ಹೀಗೆ ವಾರಕ್ಕೆ ಎರಡು ಸಲ, ವರ್ಷವಿಡೀ. ಇಂಥ ಸೀಮಿತ ನಷ್ಟಗಳೂ ಕೂಡಿಯೇ ತಲಾ 2 ಲಕ್ಷವಾದದ್ದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 1865ರಲ್ಲಿ ಪೂರ್ತಿ ಹಣ ಕೊಟ್ಟು ಬ್ಯಾಕ್‌ಬೇ ಪಾಲು ಕೊಂಡವರೂ ಮುಳುಗಲಿಲ್ಲವೇ? ಕಾದಿದ್ದರೆ ಅವರಿಗೇನು ಸಿಗುತ್ತಿತ್ತು? ಒಪ್ಪುತ್ತೇನೆ. ಕೆಟ್ಟ ಕಂಪನಿಯ ಪಾಲನ್ನು ಎಷ್ಟು ಕಾಲ ಇಟ್ಟುಕೊಂಡರೂ ಅದು ಒಳ್ಳೆಯದಾಗುವುದಿಲ್ಲ. ಕಾಯುವ ಶಕ್ತಿ ಒಂದೇ ಸಾಲದು. ಆದರೆ ಪೂರ್ತಿ ಹಣ ಕೊಟ್ಟವನು ಕಳೆದುಕೊಂಡದ್ದು ತನ್ನಲ್ಲಿದ್ದ ಹಣವನ್ನು. ವಾಯಿದೆ ಹಾಕಿದವನು ಕಳೆದುಕೊಂಡದ್ದು ತನ್ನಲ್ಲಿಲ್ಲದ ಹಣವನ್ನು, ಮನೆ ಮಾರಿ, ಹೆಸರು ಮಾರಿ ತೆರಬೇಕಾದದ್ದನ್ನು. 1992ರ ಶಿಖರದಲ್ಲಿ ಸ್ವಂತ ಹಣದಿಂದ ಒಳ್ಳೆಯ ಕಂಪನಿಗಳ ಪಾಲು ಕೊಂಡವರಿಗೂ ಸಂಕಟದ ವರ್ಷಗಳು ಬಂದವು, ಆದರೆ ಯಾವ ತಾರೀಖಿಗೂ ಅವರು ಉತ್ತರ ಕೊಡಬೇಕಿರಲಿಲ್ಲ. ಅದೇ ದಿನ ಬದ್ಲಾದ ಮೇಲೆ ನಿಂತಿದ್ದವರಿಗೆ ವಾರಗಳೂ ಉಳಿದಿರಲಿಲ್ಲ.

ಹತ್ತಿ ವ್ಯಾಪಾರಿಗೆ, ರಫ್ತುದಾರನಿಗೆ, ದೊಡ್ಡ ಷೇರುಗಂಟು ಇಟ್ಟುಕೊಂಡ ನಿಧಿಗೆ ಬೆಲೆ ಏರುಪೇರಿನಿಂದ ಕಾಪಾಡಿಕೊಳ್ಳಲು ವಾಯಿದೆ ಬೇಕು. ಅವರ ಎದುರು ನಿಲ್ಲಲು ಯಾರಾದರೂ ಬೇಕು ಎಂಬ ವಾದವೂ ಇದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಹಾಗೆ ಎದುರು ನಿಲ್ಲುವವರು ವರ್ಷಕ್ಕೆ 5 ಲಕ್ಷದೊಳಗೆ ದುಡಿಯುವ, ಇಪ್ಪತ್ತೈದರ ವಯಸ್ಸಿನ, ತಿಂಗಳ ಬಾಡಿಗೆ ಕಟ್ಟಬೇಕಾದ ಹುಡುಗ ಹುಡುಗಿಯರೇ ಆಗಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ.

ಕೊನೆಯ ಆಕ್ಷೇಪವನ್ನು ನೀವು ಜೋರಾಗಿ ಹೇಳುವುದಿಲ್ಲ, ಆದರೆ ನಿಮ್ಮಲ್ಲಿ ಹೆಚ್ಚಿನವರನ್ನು ಇಲ್ಲಿಗೆ ತಂದದ್ದು ಅದೇ. ಸಂಬಳ ಇಪ್ಪತ್ತೋ ಇಪ್ಪತ್ತೈದೋ ಸಾವಿರ. ಬೆಂಗಳೂರಿನಲ್ಲಿ ಒಂದು ಸೈಟು ಕನಸಿನಲ್ಲೂ ಎಟುಕುವುದಿಲ್ಲ. ತಂಗಿಯ ಮದುವೆ, ಅಪ್ಪನ ಆಸ್ಪತ್ರೆ. ತಿಂಗಳಿಗೆ ಎರಡು ಸಾವಿರ ಉಳಿಸಿ ಇಪ್ಪತ್ತು ವರ್ಷ ಕಾಯಿರಿ ಎನ್ನುವ ಹಿರಿಯರ ಮಾತು ನಿಮಗೆ ಅವಮಾನದಂತೆ ಕೇಳಿಸುತ್ತದೆ. ಈ ಕಹಿ ನ್ಯಾಯವಾದದ್ದು. ನಿಮ್ಮ ದುಡಿಮೆಗೆ ತಕ್ಕ ಕೂಲಿ ಸಿಗುತ್ತಿಲ್ಲ ಎಂಬ ಮಾತನ್ನು ನಾನು ನಿಮ್ಮೊಂದಿಗೆ ನಿಂತು ಹೇಳಲು ಸಿದ್ಧ. ಆದರೆ ಕೂಲಿ ಕಡಿಮೆ ಎಂಬ ಕಾರಣಕ್ಕೆ, 100ರಲ್ಲಿ 93 ಜನ ಸೋಲುವ ಪೇಟೆ ನಿಮಗೆ ಹೆಚ್ಚು ದಯೆ ತೋರಿಸುವುದಿಲ್ಲ. ಅದು ನಿಮ್ಮ ಅಗತ್ಯವನ್ನು ನೋಡುವುದಿಲ್ಲ, ನಿಮ್ಮ ಬಂಡವಾಳ ಎಷ್ಟು ದಿನ ತಡೆಯುತ್ತದೆ ಎಂಬುದನ್ನು ಮಾತ್ರ ನೋಡುತ್ತದೆ. ಕಡಿಮೆ ಹಣವಿದ್ದವರ ಬಳಿ ಕಾಲವೂ ಕಡಿಮೆ, ಆದ್ದರಿಂದಲೇ ಅವರು ಮೊದಲು ಹೊರಬೀಳುತ್ತಾರೆ. ನಾನು ಉಳಿದ ಆ ಶೇಕಡ 7 ಜನರಲ್ಲಿ ಒಬ್ಬನಾಗುತ್ತೇನೆ ಎಂದು ನೀವು ನಂಬಿರಬಹುದು. ಎರಡು ವರ್ಷ ಸತತವಾಗಿ ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಮತ್ತೆ ಬಂದು ಕಟ್ಟಿದರು ಎಂದು ಅದೇ ಅಧ್ಯಯನ ಹೇಳುತ್ತದೆ. ಅವರೂ ಹಾಗೆಯೇ ನಂಬಿದ್ದರು.

ಆದ್ದರಿಂದ ಕೆಲವು ಬೇಡಿಕೆಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಇಂದು ರಾತ್ರಿ ನಿಮ್ಮ ಬ್ರೋಕರ್ ಆ್ಯಪಿನಿಂದ ವಾಯಿದೆ ವಹಿವಾಟಿನ ಲಾಭ-ನಷ್ಟದ ಪಟ್ಟಿಯನ್ನು, ಈ ತಿಂಗಳದ್ದಷ್ಟೇ ಅಲ್ಲ, ಖಾತೆ ತೆರೆದಂದಿನಿಂದ ಇಂದಿನವರೆಗಿನದನ್ನು, ದಲಾಲಿ ಮತ್ತು ತೆರಿಗೆ ಸೇರಿಸಿ ಇಳಿಸಿಕೊಳ್ಳಿ. ಗೆದ್ದ ದಿನಗಳು ಮನಸ್ಸಿನಲ್ಲಿ ಉಳಿಯುತ್ತವೆ, ಕೂಡಿಸಿದ ಮೊತ್ತ ಬೇರೆಯದನ್ನೇ ಹೇಳಬಹುದು. ಆ ಪಟ್ಟಿಯನ್ನು ಮನೆಯ ಒಬ್ಬರಿಗಾದರೂ ತೋರಿಸಿ, ಅಕ್ಕನಿಗೋ ಹೆಂಡತಿಗೋ ಗಂಡನಿಗೋ. ಯಾರಿಗೂ ತೋರಿಸಲಾಗದ ಲೆಕ್ಕವಾಗಿದ್ದರೆ ಅದೇ ನಿಲ್ಲಿಸಲು ಸಾಕಾದ ಕಾರಣ. ಸಾಲದ ಆ್ಯಪಿನ ಹಣ, ಕ್ರೆಡಿಟ್ ಕಾರ್ಡಿನ ಹಣ, ಅಮ್ಮನ ಬಳೆ ಅಡವಿಟ್ಟ ಹಣ, ಗೆಳೆಯ ನಂಬಿ ಕೊಟ್ಟ ಹಣ, ಇವುಗಳಲ್ಲಿ ಒಂದು ರೂಪಾಯಿಯೂ ವಾಯಿದೆಗೆ ಹೋಗಬಾರದು. ಟೆಲಿಗ್ರಾಂ ಗುಂಪಿನಲ್ಲಿ ಕಾಲ್ ಕೊಡುವವರ, ಯೂಟ್ಯೂಬಿನಲ್ಲಿ ಲಾಭದ ಸ್ಕ್ರೀನ್‌ಶಾಟ್ ತೋರಿಸುವವರ ಮಾತು ಕೇಳುವ ಮುನ್ನ ಅವರು ಸೆಬಿಯಲ್ಲಿ ನೋಂದಾಯಿತರೇ ಎಂದು ಸೆಬಿಯ ತಾಣದಲ್ಲೇ ನೋಡಿ. ನೋಂದಣಿ ಇದ್ದರೂ ಅವರ ಸ್ವಂತ ಮೂರು ವರ್ಷಗಳ ಲೆಕ್ಕ ಕೇಳಿ. ನಿಮ್ಮ ಪಟ್ಟಿ ಕೆಂಪಾಗಿದ್ದರೆ ಬ್ರೋಕರ್ ಖಾತೆಯಲ್ಲಿ ವಾಯಿದೆ ವಿಭಾಗವನ್ನೇ ಮುಚ್ಚಿಸಿ, ಷೇರು ವಿಭಾಗ ಇರಲಿ. ಈ ವ್ಯಾಪಾರದಲ್ಲಿ ನಿಜವಾಗಿಯೂ ಗೆಲ್ಲುತ್ತಿರುವ ಕೆಲವರು ನಿಮ್ಮಲ್ಲಿದ್ದರೆ, ತಮ್ಮಂದಿರಿಗೆ ಕಲಿಸಿಕೊಡುವ ಮುನ್ನ ಮೇಲಿನ ಅಂಕಿಗಳನ್ನು ಅವರಿಗೆ ಓದಿ ಹೇಳಿ.

ಈಗಾಗಲೇ ಸಾಲದಲ್ಲಿ ಸಿಕ್ಕಿಕೊಂಡಿರುವವರಿಗೆ ಪ್ರತ್ಯೇಕವಾಗಿ ಹೇಳುತ್ತೇನೆ. ಕಳೆದದ್ದನ್ನು ಅದೇ ಪೇಟೆಯಲ್ಲಿ ಹುಡುಕಬೇಡಿ. ಮನೆಯವರಿಗೆ ಹೇಳಿ; ಕೋಪ ಬರುತ್ತದೆ, ಬರಲಿ. ಸಾಲ ಕೊಟ್ಟವರೊಂದಿಗೆ ಕಂತಿನ ಮಾತಾಡಿ. ರಾತ್ರಿ ಬದುಕೇ ಬೇಡ ಅನ್ನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. 1865ರಲ್ಲಿ ಪೆಟ್ಟು ತಿಂದ ಟಾಟಾ ಮನೆತನ ಮತ್ತೆ ಎದ್ದದ್ದು ಷೇರು ಪೇಟೆಯ ವಾಯಿದೆಯಿಂದಲ್ಲ, ಸರಕು ಪೂರೈಕೆಯಿಂದ, ಆಮೇಲೆ ಬಟ್ಟೆ ಗಿರಣಿಯಿಂದ. ಅದಕ್ಕೆ ಅವರಿಗೆ ವರ್ಷಗಳು ಹಿಡಿದವು. ನಿಮ್ಮ ಮುಂದೆಯೂ ವರ್ಷಗಳಿವೆ.

ಇತಿ,
ನಿಮ್ಮ ಹಿತವನ್ನು ಬಯಸುವ,
ಒಬ್ಬ ಕನ್ನಡ ಬರಹಗಾರ